ಎರವಲು ಹೋದ ಪುಟ

ಜೂನ್ ೪

ಪ್ರೀತಿಯ ಶ್ಶ್,

ನಾನು ಕ್ಷೇಮ. ನೀನೂ ಕ್ಷೇಮವೆಂದು ನಂಬಿಕೊಂಡೇ ಹಳೆಯ ಜಗಳವನ್ನು ಮುಂದುವರಿಸುತ್ತಿದ್ದೇನೆ. ಹುಷಾರಿಲ್ಲದವರ ಜೊತೆ ಜಗಳವಾಡುವಷ್ಟು ಕೆಟ್ಟವಳಲ್ಲ ನಾನು. ನಿನಗೆ ಮೇಲ್ ಮಾಡಿದೆ, ಉತ್ತರವಿಲ್ಲ. ಮತ್ತೆ ಮಾಡಿದೆ, ಆಗಲೂ ಇಲ್ಲ. "ಅತ್ತೆ, ಅವರು ನಿಮ್ಮನ್ನ ಸ್ಪ್ಯಾಮಿಗೆ ಹಾಕಿರ್ತಾರೆ" ಎಂದಳು ಸೊಸೆ. ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಗೊರಕೆ ಹಂಚಿಕೊಂಡು ಡಿಗ್ರಿ ಮುಗಿಸಿದವಳನ್ನು ಕಸದ ಬುಟ್ಟಿಗೆ ಹಾಕುತ್ತೀಯಾ? ಹಾಕುತ್ತೀಯ. ನಿನ್ನನ್ನು ನಾನು ಬಲ್ಲೆ. ಆದ್ದರಿಂದ ಅಂಚೆ. ಲಕೋಟೆಯನ್ನು ಒಡೆಯದೆ ಇಡುವ ತಾಕತ್ತು ಯಾವ ಗ್ರಂಥಪಾಲಕಿಗೂ ಇಲ್ಲ.

ವಿಷಯಕ್ಕೆ ಬರುತ್ತೇನೆ. ಉಲ್ಲನ್ ಅಂಗಡಿಯನ್ನು ಬಿಟ್ಟುಕೊಡುತ್ತಿದ್ದೇನೆ. ಬೀದಿಯ ಅಂಗಡಿಗೆ ಬಾಗಿಲು ಹಾಕಿ ಯಾವ ಕಾಲವಾಯಿತು. ಈಗ ಬಿಡುತ್ತಿರುವುದು ವೆಬ್‌ಸೈಟಿನ ಅಂಗಡಿಯನ್ನು. ಪಾರ್ಸೆಲ್ ಕಟ್ಟಿ ಕಟ್ಟಿ ಬೆರಳಿನ ಗೆಣ್ಣುಗಳು ಮುಷ್ಕರ ಹೂಡಿವೆ. ಸೂಜಿಯಿಂದ ಸೋಫಾದವರೆಗೆ ಎಲ್ಲವನ್ನೂ ಮಾರುವ ದೊಡ್ಡ ಕಂಪನಿಯೊಂದು ನಮ್ಮ ವಿಳಾಸವನ್ನೂ ಗಿರಾಕಿಗಳನ್ನೂ ವಹಿಸಿಕೊಳ್ಳುತ್ತದೆ. ಸೆಪ್ಟೆಂಬರ್ ಕೊನೆಗೆ ಹಸ್ತಾಂತರ. ಅವರಿಗೆ ಬೇಕಾದದ್ದು ಅಂಗಡಿ ಮಾತ್ರ. ಮಿಕ್ಕ ಪುಟಗಳನ್ನೆಲ್ಲ ಅಳಿಸಿಹಾಕುತ್ತಾರಂತೆ.

ಮಿಕ್ಕವು ಎಂದರೆ ನಿನ್ನ ಕಟ್ಟೆ. ಹೆಣೆಯುವವರೆಲ್ಲ ಬಂದು ಪ್ರಶ್ನೆ ಕೇಳಿ, ಉತ್ತರ ಹೇಳಿ, ನಡುನಡುವೆ ಅತ್ತೆ-ಸೊಸೆಯರನ್ನು ಬೈದುಕೊಳ್ಳುತ್ತಿದ್ದರಲ್ಲ, ಅದು. ಮುಖಪುಟದಿಂದ ಅದರ ಲಿಂಕನ್ನು ನಾನು ತೆಗೆದು ಒಂಬತ್ತು ವರ್ಷವಾಯಿತು. ಈಗ ಅಲ್ಲಿ ಜೇಡವೂ ಇರಲಾರದು. ನೀನು ನನ್ನೊಡನೆ ಮಾತು ಬಿಟ್ಟಿದ್ದೂ ಅಂದೇ.

ನನಗೆ ಅಲ್ಲಿಂದ ಬೇಕಾಗಿರುವುದು ಒಂದೇ ಒಂದು: ಅಮ್ಮನ ಹೊದಿಕೆಯ ನಮೂನೆ. ಅಮ್ಮ ಕಿಟಕಿಯ ಪಕ್ಕ ಕೂತು ಬಾಯಲ್ಲಿ ಹೇಳುತ್ತ ಹೋದಳು, ನೀನು ಟೈಪ್ ಮಾಡುತ್ತ ಹೋದೆ. ಅವಳು ತನ್ನ ಕೈಯಿಂದ ಏನನ್ನೂ ಬರೆದಿಟ್ಟವಳಲ್ಲ. ಇದ್ದಾಗ ನಾನಾದರೂ ಕೂರಿಸಿಕೊಂಡು ಬರೆದುಕೊಳ್ಳಬಹುದಿತ್ತು. ಅಮ್ಮ ಎಲ್ಲಿಗೆ ಹೋಗುತ್ತಾಳೆ ಎಂಬ ಉದಾಸೀನ. ಹೋದಳು. ಅವಳ ಮಾತು ಅವಳದೇ ಧಾಟಿಯಲ್ಲಿ ಉಳಿದಿರುವುದು ಆ ಪುಟದಲ್ಲಿ ಮಾತ್ರ. ಸೊಸೆ ಹುಡುಕಿ ನೋಡಿದರೆ ಅಲ್ಲಿ "ಹೊರಗೆ ಹೋಗಿದೆ" ಎಂದಿದೆ. ಒಂಬತ್ತು ವರ್ಷದ ಹಿಂದೆಯೂ ಹಾಗೇ ಇತ್ತಲ್ಲೇ! ಇಷ್ಟು ಹೊತ್ತು ಹೊರಗಿರುವುದಕ್ಕೆ ಅದೇನು ಮದುವೆಯಾಗಿ ಹೋಯಿತೇ?

ಬರೆ. ಬೈದಾದರೂ ಬರೆ.

ನಿನ್ನ
ಉಂಡೆ


ಜೂನ್ ೧೯

ಉಂಡೆ,

ಮೊದಲು ತಿದ್ದುಪಡಿಗಳು. ನಿನ್ನನ್ನು ಸ್ಪ್ಯಾಮಿಗೆ ಹಾಕಿಲ್ಲ. ನಿನಗೆಂದೇ ಒಂದು ಫೋಲ್ಡರ್ ಇದೆ, ಹೆಸರು "ಆಮೇಲೆ ನೋಡೋಣ". ಎರಡು, ಗೊರಕೆಯನ್ನು ನಾವು ಹಂಚಿಕೊಳ್ಳಲಿಲ್ಲ. ಅದು ಏಕಪಕ್ಷೀಯ ಪ್ರಸಾರವಾಗಿತ್ತು. ಮೂರು, ನೀನು ತೆಗೆದದ್ದು ಕಟ್ಟೆಯ ದಾರಿ ತೋರಿಸುವ ಬೋರ್ಡನ್ನು, ಕಟ್ಟೆಯನ್ನಲ್ಲ. ವಿಳಾಸ ನೆನಪಿದ್ದವರು ಇವತ್ತಿಗೂ ಬರುತ್ತಾರೆ. ನಿವೃತ್ತಳಾದ ಮೇಲೆ ದಿನಾ ಬೆಳಿಗ್ಗೆ ಕಾಫಿಯ ಲೋಟ ಹಿಡಿದು ನಾನೂ ಹೋಗಿ ಕೂರುತ್ತೇನೆ. ಬಸ್ ಓಡಿಸುವವರೊಬ್ಬರು ಕಾಲುಚೀಲದ ಹಿಮ್ಮಡಿ ತಿರುಗಿಸಲು ಬಾರದೆ ತಿಂಗಳಿನಿಂದ ಒದ್ದಾಡುತ್ತಿದ್ದಾರೆ. ಬಸ್ಸನ್ನು ಆರಾಮಾಗಿ ತಿರುಗಿಸುತ್ತಾರಂತೆ.

ನಮ್ಮ ಮೊದಲ ಹೋಂ ಪೇಜ್ ನೆನಪಿದೆಯಾ? ಗ್ರಂಥಾಲಯಕ್ಕೆಲ್ಲ ಒಂದೇ ಕಂಪ್ಯೂಟರ್. ಫೋನ್ ಲೈನು ಕಿರುಚಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡು ಸಂಪರ್ಕ ಕೊಡುವಷ್ಟರಲ್ಲಿ ನೀನು ಅರ್ಧ ತೋಳು ಹೆಣೆದು ಮುಗಿಸುತ್ತಿದ್ದೆ. ಹಸಿರು ಹಿನ್ನೆಲೆಗೆ ಕೆಂಪು ಅಕ್ಷರ, ಮೂಲೆಯಲ್ಲಿ ಉರುಳುವ ಉಲ್ಲನ್ ಚೆಂಡು, ಕೆಳಗೆ "ಕಾಮಗಾರಿ ಪ್ರಗತಿಯಲ್ಲಿದೆ" ಎಂಬ ಫಲಕ. ಆ ಕಾಮಗಾರಿ ಕೊನೆಗೂ ಮುಗಿಯಲಿಲ್ಲ. ಭೇಟಿ ಕೊಟ್ಟವರ ಸಂಖ್ಯೆ ತೋರಿಸುವ ಮೀಟರ್ ಬೇರೆ. ಬೆಳಿಗ್ಗೆ ನೀನು ಬಂದು ನೋಡುತ್ತಿದ್ದೆ, ಸಂಜೆ ನಾನು. ಮೀಟರ್ ಏರಿತೆಂದು ಇಬ್ಬರೂ ಹಿಗ್ಗುತ್ತಿದ್ದೆವು. ಆಮೇಲೆ ಒಳ್ಳೆಯ ತಾಣಗಳ ಪಟ್ಟಿಯನ್ನು ಕೈಯಾರೆ ಮಾಡಿ ಹಾಕಿದೆ. ಹುಡುಕಿಕೊಡುವ ಯಂತ್ರಗಳು ಬಂದು ನನ್ನ ಪಟ್ಟಿಯನ್ನು ನುಂಗಿ ನೀರು ಕುಡಿದವು. ಆಮೇಲೆ ಕಟ್ಟೆ. ಆಮೇಲೆ ನಿನ್ನ ಬ್ಲಾಗು, ಅದರ ಬೆನ್ನಿಗೆ ಅಂಗಡಿ. ನೋಡಲು ಬಂದವರು ಮಾತಾಡತೊಡಗಿದರು, ಮಾತಾಡುತ್ತಿದ್ದವರು ಕೊಳ್ಳತೊಡಗಿದರು. ನಾನು ಮಾತಿನ ಹತ್ತಿರವೇ ಉಳಿದೆ.

ಇನ್ನು ನನ್ನ ಎರವಲು ಪದ್ಧತಿ. ಒಂದು ನಮೂನೆ, ಒಬ್ಬ ಓದುಗ. ಯಾರಾದರೂ ಕೇಳಿದರೆ ಆ ಪುಟವನ್ನು ಕಟ್ಟೆಯಿಂದ ಇಳಿಸಿ ಅವರಿಗೆ ಕಳಿಸುತ್ತೇನೆ. ಅವರು ಹೆಣೆದು ಮುಗಿಸಿ, ಮುಗಿದದ್ದರ ಫೋಟೋ ಜೊತೆಗೆ ಪುಟವನ್ನು ವಾಪಸ್ ಕಳಿಸಬೇಕು. ಆಗ ಅದು ಮರಳಿ ಕಟ್ಟೆಯ ಕಪಾಟಿಗೆ. ಬೇಕಾದವರು ಅಲ್ಲಿಯವರೆಗೆ ಸರದಿಯಲ್ಲಿ ನಿಲ್ಲಬೇಕು. ನಕಲು ಅವರೂ ಇಟ್ಟುಕೊಳ್ಳುವಂತಿಲ್ಲ, ನಾನೂ ಇಟ್ಟುಕೊಳ್ಳುವುದಿಲ್ಲ. "ವೆಬ್ ಇರೋದೇ ಒಂದು ಪುಟಾನ ಸಾವಿರ ಜನ ಒಟ್ಟಿಗೆ ನೋಡ್ಲಿ ಅಂತ ಕಣೇ, ನೀನು ಅದಕ್ಕೂ ಸೀಲು ಹೊಡೀತೀಯಲ್ಲ!" ಎಂದು ನೀನು ನಕ್ಕಿದ್ದೆ. ನಗು. ಎಲ್ಲರಿಗೂ ಒಟ್ಟಿಗೆ ಕೊಟ್ಟ ನಮೂನೆಯನ್ನು ಎಲ್ಲರೂ ಇಟ್ಟುಕೊಳ್ಳುತ್ತಾರೆ, ಯಾರೂ ಹೆಣೆಯುವುದಿಲ್ಲ. ಕಾದು ಪಡೆದವರು ಹೆಣೆಯುತ್ತಾರೆ.

ನಿನ್ನ ಅಮ್ಮನ ಪುಟ ದೋಣಿ ಹತ್ತುವ ಕಡವಿನಲ್ಲಿ ಟಿಕೆಟ್ ಕೊಡುವ ಹೆಂಗಸೊಬ್ಬರ ಬಳಿ ಇದೆ. ಉಲ್ಲನ್ ಕೊಂಡವರಿಗೆಲ್ಲ ಅದನ್ನು ಉಚಿತವಾಗಿ ಕೊಡಬೇಕೆಂದು ಅಂದು ನೀನು ಕೇಳಿದೆ. ಹೊರಗೆ ಹೋಗಿದೆ, ಬಂದ ಮೇಲೆ ಕೊಡುತ್ತೇನೆ ಎಂದೆ. ಆ ಸಿಟ್ಟಿಗೆ ನೀನು ಬೋರ್ಡು ಕಿತ್ತೆ. ಇವತ್ತೂ ಅಷ್ಟೇ ಹೇಳಬಲ್ಲೆ. ಕೇಳಿಕಳಿಸುತ್ತೇನೆ.

ಶ್ಶ್


ಜುಲೈ ೨

ಶ್ಶ್,

ನಿನ್ನ ಪತ್ರವನ್ನು ಸೊಸೆಗೆ ಓದಿ ಹೇಳಿದೆ. ವೆಬ್‌ಸೈಟ್ ಕಟ್ಟುವುದೇ ಕಸುಬಾದವಳು ಅವಳು. ಅವಳ ಮುಖ ನೋಡಬೇಕಿತ್ತು.

"ಬ್ಯಾಕಪ್ ಎಲ್ಲಿದೆ ಅತ್ತೆ?"

"ಇಲ್ಲ."

"ಅವರ ಕಂಪ್ಯೂಟರಲ್ಲಿ?"

"ಅಳಿಸ್ತಾಳೆ."

"ಸರಿ, ಮೇಲ್ ಕಳಿಸಿರ್ತಾರಲ್ಲ, ಅದರಲ್ಲಿ?"

"ಅದನ್ನೂ ಅಳಿಸ್ತಾಳೆ. ನಿಯಮ."

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಅತ್ತೆ, ಇದು ವೆಬ್‌ಸೈಟಲ್ಲ. ಪಾತ್ರೆ ಬಾಡಿಗೆಗೆ ಕೊಡೋ ಅಂಗಡಿ."

ಆದರೂ ಒಳ್ಳೆಯ ಹುಡುಗಿ. ಕಟ್ಟೆಯನ್ನು ಇಡಿಯಾಗಿ ನಕಲು ಮಾಡಿ ಬೇರೊಂದು ಚಿಕ್ಕ ವಿಳಾಸಕ್ಕೆ ಸಾಗಿಸಿಕೊಡುತ್ತಾಳಂತೆ. ಅವಳಿಗೆ ಅರ್ಧ ದಿನದ ಕೆಲಸ. ಒಳಗೆ ಹೋಗುವ ಪಾಸ್‌ವರ್ಡ್ ನಿನ್ನ ಹತ್ತಿರ ಮಾತ್ರ ಇದೆ, ಕೊಡು.

ಅಮ್ಮನ ಪುಟದ ಬಗ್ಗೆ ನಾನು ಸುಮ್ಮನೆ ಕೂರಲಿಲ್ಲ. ನನ್ನ ಬಳಗ ಈಗ ಎಷ್ಟು ದೊಡ್ಡದು ಗೊತ್ತಾ! ಫೋಟೋ ಹಾಕಿದರೆ ಮಧ್ಯಾಹ್ನದೊಳಗೆ ಸಾವಿರ ಜನ ಹೃದಯ ಒತ್ತುತ್ತಾರೆ. ಅಮ್ಮ ಕಡ್ಡಿ ಹಿಡಿದು ಕೂತ ಫೋಟೋ ಹಾಕಿ, "ಈ ಹೊದಿಕೆಯ ನಮೂನೆ ಯಾರ ಬಳಿಯಾದರೂ ಇದೆಯೇ?" ಎಂದು ಬರೆದೆ. ಹೃದಯಗಳು ಮಳೆಯಂತೆ ಸುರಿದವು. "ಸೂಪರ್ ಅಮ್ಮ." "ಕ್ಯೂಟ್." "ನಮ್ಮಲ್ಲಿ ಚಪ್ಪಲಿಗಳ ಮೇಲೆ ಭಾರಿ ರಿಯಾಯಿತಿ." ನಮೂನೆ ಮಾತ್ರ ಯಾರ ಬಳಿಯೂ ಇಲ್ಲ. ಮರುದಿನ ನಾನೇ ಹುಡುಕಿದರೂ ಆ ಫೋಟೋ ಸಿಗಲಿಲ್ಲ, ಅಷ್ಟು ಕೆಳಗೆ ಹೋಗಿತ್ತು.

ಕೂತು ಯೋಚಿಸಿದೆ ಕಣೇ. ಹೋಂ ಪೇಜಿನಲ್ಲಿ ನಾವಿಬ್ಬರೇ ಮಾತಾಡಿದೆವು, ಕೇಳಿಸಿಕೊಂಡವರೂ ನಾವಿಬ್ಬರೇ. ಕಟ್ಟೆಯಲ್ಲಿ ಎಲ್ಲರೂ ಮಾತಾಡಿದರು. ಬ್ಲಾಗಿನಲ್ಲಿ ನಾನೊಬ್ಬಳೇ ಮಾತಾಡಿದೆ, ನಾಲ್ಕು ಜನ ತಲೆಯಾಡಿಸಿದರು. ಅಂಗಡಿಯಲ್ಲಿ ಮಾತು ನಿಂತು ತಳ್ಳುಗಾಡಿಯ ಚಿತ್ರವೊಂದು ಉಳಿಯಿತು. ಈಗ ಮಾತೂ ಬೇಡ, ಹೆಬ್ಬೆರಳೊಂದು ಸಾಕು. ಹೆಬ್ಬೆಟ್ಟಿನಿಂದ ಸಹಿಗೆ ಬರಲು ನಮ್ಮ ಹಿಂದಿನವರು ಎಷ್ಟು ಕಷ್ಟಪಟ್ಟರು, ನಾವು ಸಹಿಯಿಂದ ಮರಳಿ ಹೆಬ್ಬೆಟ್ಟಿಗೆ ಬಂದೆವು ನೋಡು.

ಅಮ್ಮ ಹೋದ ದಿನ ನೀನು ಬಂದು, ಹಿಂದಿನ ಸಾಲಿನಲ್ಲಿ ನಿಂತು, ಯಾರಿಗೂ ಹೇಳದೆ ಹೋದೆಯಂತೆ. ವರ್ಷ ಕಳೆದ ಮೇಲೆ ಯಾರೋ ಹೇಳಿದರು.

ಪಾಸ್‌ವರ್ಡ್ ಕಳಿಸು.

ಉಂಡೆ


ಆಗಸ್ಟ್ ೮

ಉಂಡೆ,

ಪಾಸ್‌ವರ್ಡ್ ಈಗಲೇ ಕೊಡುವುದಿಲ್ಲ, ಕೋಪ ಮಾಡಿಕೊಳ್ಳಬೇಡ. ನಮ್ಮ ಗ್ರಂಥಾಲಯ ಹೊಸ ಕಟ್ಟಡಕ್ಕೆ ಹೋದಾಗ ಅರ್ಧ ಪುಸ್ತಕಗಳು ಹೊರಗಿದ್ದವು. ಇದ್ದಷ್ಟನ್ನು ಸಾಗಿಸಿದರು. ಹೊರಗಿದ್ದವುಗಳಿಗೆ ಹೊಸ ಕಟ್ಟಡದಲ್ಲಿ ಜಾಗವನ್ನೇ ಬಿಟ್ಟಿರಲಿಲ್ಲ. ತಂದುಕೊಟ್ಟವರನ್ನು "ಇದು ನಮ್ಮದಲ್ಲ" ಎಂದು ವಾಪಸ್ ಕಳಿಸಿದರು. ಅಂಥದು ಇನ್ನೊಮ್ಮೆ ಆಗಬಾರದು. ಎಲ್ಲರಿಗೂ ಬರೆದಿದ್ದೇನೆ. ಒಂದೊಂದಾಗಿ ವಾಪಸ್ ಬರುತ್ತಿವೆ. ಬಂದದ್ದನ್ನು ಅದರದರ ಜಾಗದಲ್ಲಿ ಇಡುತ್ತಿದ್ದೇನೆ. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಕಪಾಟು ತುಂಬುತ್ತದೆ, ಆಗ ನಿನ್ನ ಸೊಸೆ ಬಂದು ಧಾರಾಳವಾಗಿ ನಕಲು ಮಾಡಲಿ.

ದೋಣಿ ಟಿಕೆಟಿನವರಿಗೆ ಕಳಿಸಿದ ಮೇಲ್ ಹಿಂದಿರುಗಿತು. ಅವರ ತಪ್ಪಲ್ಲ, ಆ ಮೇಲ್ ಕೊಡುತ್ತಿದ್ದ ಕಂಪನಿಯೇ ಮುಚ್ಚಿಹೋಗಿದೆಯಂತೆ. ಒಂದು ಕಾಲಕ್ಕೆ ಎಲ್ಲರೂ ಅದರಲ್ಲೇ ಇದ್ದರು, ನೀನೂ ಇದ್ದೆ. ವೆಬ್ಬಿನ ಊರುಗಳು ಹೀಗೆ ಹೇಳದೆ ಕೇಳದೆ ಖಾಲಿಯಾಗುತ್ತವೆ. ಕಟ್ಟೆಯಲ್ಲಿ ನೋಟೀಸು ಹಾಕಿದ್ದೇನೆ. ನಿನ್ನ ಅಮ್ಮನ ನಮೂನೆಗೆ ಅವರ ನಂತರದ ಸರದಿ ಒಬ್ಬ ದಂತವೈದ್ಯರದು. ಅವರು ಒಂಬತ್ತು ವರ್ಷದಿಂದ ಕಾಯುತ್ತಿದ್ದಾರೆ. ಒಮ್ಮೆಯೂ ಹಲ್ಲು ಕಡಿದಿಲ್ಲ.

ಕಟ್ಟೆ ಹೋದರೆ ಬೆಳಗಿನ ಹೊತ್ತು ಏನು ಮಾಡುವುದೆಂದು ಯೋಚಿಸಿಲ್ಲ. ಹತ್ತಿರದಲ್ಲಿ ಒಂದು ಪಾರ್ಕಿದೆಯಂತೆ.

ಶ್ಶ್


ಸೆಪ್ಟೆಂಬರ್ ೧೧

ಶ್ಶ್,

ಕೂತುಕೊಂಡು ಓದು.

ಕಂಪನಿಯವರು ಇವತ್ತೇ ಬದಲಾಯಿಸಿಬಿಟ್ಟರು. ನನ್ನ ಅಂಗಡಿ ಹೊಸ ಬಣ್ಣ ಬಳಿದುಕೊಂಡು ನಿಂತಿದೆ. ಕಟ್ಟೆಯ ವಿಳಾಸ ಒತ್ತಿದರೆ, "ಅಯ್ಯೋ! ನೀವು ಹುಡುಕುತ್ತಿರುವ ಪುಟ ಇಲ್ಲಿಲ್ಲ" ಎಂದು ಒಂದು ಕಾರ್ಟೂನ್ ನಾಯಿ ಕಣ್ಣು ಬಿಡುತ್ತದೆ. ಫೋನ್ ಮಾಡಿದೆ. "ನಮ್ ಕಡೆ ಬೇಗ ರೆಡಿ ಆಯ್ತು ಮೇಡಂ, ಸೋ ಮಾಡ್ಬಿಟ್ವಿ" ಎಂದ ಅಲ್ಲಿನ ಎಂಜಿನಿಯರ್, ನನಗೇನೋ ಉಪಕಾರ ಮಾಡಿದವನಂತೆ. ಸೊಸೆ ಫೋನ್ ಕಿತ್ತುಕೊಂಡು, ನಾನು ಅವಳಿಂದ ಎಂದೂ ಕೇಳಿರದ ಮಾತುಗಳನ್ನಾಡಿದಳು. ಆ ಮಾತುಗಳಿಗೂ ಅಳಿಸಿದ್ದು ವಾಪಸ್ ಬರಲಿಲ್ಲ. ಹಳೆಯದರ ನಕಲನ್ನು ಅವರು ಇಟ್ಟುಕೊಂಡಿಲ್ಲ.

ಬೇಡಿ ಬೇಡಿ ವಾಪಸ್ ತರಿಸಿದೆಯಲ್ಲ, ಆ ನಮೂನೆಗಳೆಲ್ಲ ಕಪಾಟಿನಲ್ಲೇ ಇದ್ದವಲ್ಲವೇ?

ಉಂಡೆ


ಸೆಪ್ಟೆಂಬರ್ ೨೯

ಶ್ಶ್,

ಹದಿನೈದು ದಿನವಾದರೂ ನೀನು ಬರೆಯಲಿಲ್ಲ. ಮೊನ್ನೆ ಬಸ್ಸು ಹಿಡಿದು ನಿನ್ನ ಮನೆಗೆ ಬಂದೆ. ಬಾಗಿಲು ತಟ್ಟಿದೆ. "ಪಾರ್ಕಿಗೆ ಹೋಗಿದ್ದಾರೆ, ಈಗೀಗ ದಿನಾ ಹೋಗ್ತಾರೆ" ಎಂದರು ಪಕ್ಕದ ಮನೆಯವರು. ಪಾರ್ಕಿಗೂ ಬಂದೆ. ನೀನು ಬೆಂಚಿನ ಮೇಲೆ ಕೂತಿದ್ದೆ, ಕೈಯಲ್ಲಿ ಪುಸ್ತಕವೂ ಇರಲಿಲ್ಲ. ನಿನ್ನ ಕೈಯಲ್ಲಿ ಪುಸ್ತಕ ಇಲ್ಲದ್ದನ್ನು ಹಾಸ್ಟೆಲಿನಲ್ಲಿ ನಿನಗೆ ಕಾಮಾಲೆಯಾದಾಗ ಒಮ್ಮೆ ನೋಡಿದ್ದೆ, ಅಷ್ಟೇ. ಹತ್ತಿರ ಬಂದು ಏನು ಹೇಳಲಿ ಎಂದು ತೋಚದೆ ವಾಪಸ್ ಹೋದೆ.

ಸೊಸೆ ಬೇರೊಂದು ವಿಳಾಸದಲ್ಲಿ ಕಟ್ಟೆಯನ್ನು ಕಟ್ಟಿಟ್ಟಿದ್ದಾಳೆ. ಹಳೆಯದರ ಹಾಗೇ ಇದೆ. ಖಾಲಿ, ಅಷ್ಟೇ. ವಿಳಾಸವನ್ನು ಈ ಹಾಳೆಯ ಹಿಂದೆ ಅವಳ ಕೈಯಲ್ಲೇ ಬರೆಸಿದ್ದೇನೆ. ಜನರ ಮೇಲ್ ವಿಳಾಸಗಳಿರುವುದು ನಿನ್ನ ಹತ್ತಿರ, ನನ್ನ ಹತ್ತಿರವಲ್ಲ. ಅವರಿಗೆ ದಾರಿ ಹೇಳಬೇಕಾದವಳು ನೀನು.

ಉಂಡೆ


ಅಕ್ಟೋಬರ್ ೨೦

ಉಂಡೆ,

ಪಾರ್ಕಿನಲ್ಲಿ ನಿನ್ನನ್ನು ನಾನೂ ನೋಡಿದೆ. ನೀಲಿ ಸ್ವೆಟರು. ನೀನೇ ಹೆಣೆದದ್ದಿರಬೇಕು, ಎಡತೋಳು ಈಗಲೂ ಉದ್ದ.

ಎಲ್ಲರಿಗೂ ಬರೆದೆ: ಇಂತಿಂಥ ನಮೂನೆಗಳು ನಾಶವಾಗಿವೆ, ಹೊಣೆ ನನ್ನದು, ಕ್ಷಮಿಸಿ, ಹೊಸ ವಿಳಾಸ ಇದು. ಸಂಜೆಯ ಹೊತ್ತಿಗೆ ಬಸ್ಸಿನವರಿಂದ ಉತ್ತರ ಬಂತು. "ಮೇಡಂ, ಬೈಬೇಡಿ. ಕಾಲುಚೀಲದ್ದು ಒಂದು ನಕಲು ಇಟ್ಕೊಂಡಿದ್ದೆ. ಹಿಮ್ಮಡಿ ಬರೋವರೆಗೂ ಇರ್ಲಿ ಅಂತ." ಬೈಯಬೇಕೆಂದು ಶುರುಮಾಡುವಷ್ಟರಲ್ಲಿ ಇನ್ನೊಂದು ಬಂತು. "ಟೋಪಿಯದ್ದು ನನ್ನ ಹತ್ರ ಇದೆ, ತಪ್ಪಾಯ್ತು." ಮತ್ತೊಂದು. "ನಿಮಗೆ ಹೇಳೋಕೆ ಭಯ ಆಗಿತ್ತು." ಒಬ್ಬರೂ ಇಲ್ಲ ಕಣೇ! ಇಷ್ಟು ವರ್ಷಗಳಲ್ಲಿ ನನ್ನ ನಿಯಮ ಪಾಲಿಸಿದವರು ಒಬ್ಬರೂ ಇಲ್ಲ! ನಾನೊಬ್ಬಳೇ ಶಿಸ್ತಾಗಿ ಅಳಿಸುತ್ತ ಕೂತಿದ್ದೆ; ನನ್ನ ಬೆನ್ನ ಹಿಂದೆ ಊರೆಲ್ಲ ಕದ್ದು ಇಟ್ಟುಕೊಳ್ಳುತ್ತಿತ್ತು. ವೃತ್ತಿಜೀವನದುದ್ದಕ್ಕೂ ಇಂಥವರ ಮೇಲೆ ಕಣ್ಣಿಟ್ಟವಳು ನಾನು. ಈಗ ಕಟ್ಟೆ ಮುಕ್ಕಾಲು ತುಂಬಿದೆ, ಒಬ್ಬೊಬ್ಬರಿಗೂ ಧನ್ಯವಾದ ಬರೆದು ಬೆರಳು ನೋಯುತ್ತಿದೆ.

ನಿನ್ನ ಅಮ್ಮನ ಪುಟವನ್ನು ಓದಿದವರು ಒಬ್ಬರೇ, ಆದ್ದರಿಂದ ಅದು ಯಾರ ಕಳ್ಳಗಂಟಿನಲ್ಲೂ ಇರಲಿಲ್ಲ. ಆಗ, ಕಟ್ಟೆಯ ನೋಟೀಸು ನೋಡಿರದ ದಂತವೈದ್ಯರು ಬರೆದರು. ಕಾದು ಕಾದು ಬೇಸರವಾಗಿ, ಮೊದಲ ವರ್ಷವೇ ಅವರು ಟಿಕೆಟಿನವರಿಗೆ ನೇರವಾಗಿ "ಎಲ್ಲಿಗೆ ಬಂತು?" ಎಂದು ಕೇಳಿದ್ದರಂತೆ. ಅಂದಿನಿಂದ ಇಬ್ಬರೂ ಆಗಾಗ ಕಾಗದ ಬರೆದುಕೊಳ್ಳುತ್ತಾರಂತೆ. ನಿನ್ನ ಸಾವಿರ ಹೃದಯಗಳಿಗೆ ಗೊತ್ತಿಲ್ಲದ ಮನೆ ಸಂಖ್ಯೆ, ಕಾಯುತ್ತಿದ್ದ ಒಬ್ಬ ಮನುಷ್ಯನಿಗೆ ಗೊತ್ತಿತ್ತು. ಅವರೇ ಬರೆದು ಕೇಳಿದರು. ಉತ್ತರ ಬಂತು.

ಆಕೆಯ ಕಂಪ್ಯೂಟರ್ ಎಂದೋ ಹಾಳಾಗಿದೆ. ಅದಕ್ಕೆ ಮೊದಲೇ ಪುಟವನ್ನು ಪ್ರಿಂಟ್ ತೆಗೆದಿಟ್ಟುಕೊಂಡಿದ್ದರು. ಹೊದಿಕೆ ಮುಗಿದಿಲ್ಲ. ಮೊದಲ ಅಂಚು ಹೆಣೆದು, ಮೂಲೆಯಲ್ಲಿ ಸಿಕ್ಕಿಕೊಂಡು, ಬಿಚ್ಚಿ, ಮತ್ತೆ ಹೆಣೆದು, ಮತ್ತೆ ಅಲ್ಲೇ ಸಿಕ್ಕಿಕೊಂಡು ಕೂತಿದ್ದಾರೆ. ಗೊತ್ತಾಗುತ್ತಿಲ್ಲವೆಂದು ಕೇಳಲು ನಾಚಿಕೆಯಂತೆ. ತಡವಾಗುತ್ತಿದ್ದಂತೆ ನಾಚಿಕೆ ಇನ್ನೂ ಹೆಚ್ಚಾಯಿತಂತೆ. ಆ ಹಾಳೆಯ ಫೋಟೋವನ್ನು ದಂತವೈದ್ಯರ ಮೂಲಕ ಕಳಿಸಿದ್ದಾರೆ. ಅದನ್ನೇ ಇದರ ಜೊತೆ ಇಟ್ಟಿದ್ದೇನೆ. ಪುಟ ವಾಪಸ್ ಬರುವ ಮೊದಲು ಇನ್ನೊಬ್ಬರಿಗೆ ತೋರಿಸಿದ್ದು ಇದೇ ಮೊದಲು.

ಆ ಮೂಲೆ ಯಾಕೆ ತಿರುಗುವುದಿಲ್ಲವೆಂದು ನೀನೇ ನೋಡು. ನಿನ್ನ ಅಮ್ಮ ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಟೈಪ್ ಮಾಡಿದ ಜಾಣೆ ನಾನು. "ಇಲ್ಲಿಗೆ ಮೂಲೆ ಬಂತು. ಗಡಿಬಿಡಿ ಮಾಡ್ಬೇಡ. ಮೂರು ಕುಣಿಕೆ ಬಿಟ್ಟು ತಿರುಗು. ಆಮೇಲೆ... ಇರು, ಇವಳು ಊಟಕ್ಕೆ ಕರೀತಿದಾಳೆ. ಬಂದ್ಮೇಲೆ ಹೇಳ್ತೀನಿ." ಊಟ ಮಾಡಿ ಬಂದು ಮುಂದಿನ ಸಾಲಿನಿಂದ ಶುರುಮಾಡಿದ್ದೇವೆ. ಹೆಣಿಗೆ ಬಾರದ ನನಗೆ ನಡುವೆ ಏನೋ ಬಿಟ್ಟಿದೆಯೆಂದು ತಿಳಿಯುವುದಾದರೂ ಹೇಗೆ?

ಪುಟ ನಿನ್ನದು. ಎಲ್ಲರಿಗೂ ಒಟ್ಟಿಗೆ ಬಿಡಬೇಕೆಂದರೆ ಬಿಡು. ಈ ಸಲ ತಕರಾರು ಮಾಡುವುದಿಲ್ಲ.

ನಿನ್ನ
ಶ್ಶ್


ನವೆಂಬರ್ ೩

ಪ್ರೀತಿಯ ಶ್ಶ್,

ಫೋಟೋ ಬಂತು. ಮೊದಲ ದಿನ ಓದಲು ಆಗಲಿಲ್ಲ, ಕನ್ನಡಕದ ತೊಂದರೆ. ಎರಡನೆಯ ದಿನವೂ ಕನ್ನಡಕದ ತೊಂದರೆ. ಮೂರನೆಯ ದಿನ ಸೊಸೆ ಪಕ್ಕದಲ್ಲಿ ಕೂತು ಜೋರಾಗಿ ಓದಿದಳು. "ಮಗಾ, ಈ ಸಾಲು ಬೇಜಾರು, ಹಾಡು ಹೇಳ್ಕೊಂಡು ಮುಗಿಸು." ಅಮ್ಮ ನಿನ್ನನ್ನೂ ಮಗಾ ಎನ್ನುತ್ತಿದ್ದಳೇ? ನನಗೆ ಗೊತ್ತಿರಲಿಲ್ಲ.

ಸಾಲುಗಳ ಪಕ್ಕದಲ್ಲೆಲ್ಲ ಆ ಟಿಕೆಟಿನವರ ಪೆನ್ಸಿಲ್ ಗೀಟುಗಳಿವೆ, ನೋಡಿದೆಯಾ? ಮೂಲೆಯ ಹತ್ತಿರ ಬರೆದು, ಅಳಿಸಿ, ಬರೆದು, ಹಾಳೆಯೇ ತೆಳುವಾಗಿದೆ. ಅಮ್ಮನ ಮಾತನ್ನು ಇಷ್ಟು ಸಲ ಓದಿದವರು ಈ ಲೋಕದಲ್ಲಿ ಇನ್ಯಾರಿದ್ದಾರೆ?

"ಅತ್ತೆ, ಈಗಲೇ ಹಾಕಿಬಿಡೋಣ, ಎಲ್ಲ ಕಡೆ ಓಡತ್ತೆ" ಎಂದಳು ಸೊಸೆ. ಬೇಡವೆಂದೆ. ಓಡುವುದೇನೋ ಓಡುತ್ತದೆ, ಹೆಣೆಯಬೇಕಾದರೆ ಕೂರಬೇಕಲ್ಲ. ಕಟ್ಟೆಯಲ್ಲಿ ಅದು "ಹೊರಗೆ ಹೋಗಿದೆ" ಎಂದೇ ಇರಲಿ. ಟಿಕೆಟಿನವರು ಮುಗಿಸಲಿ, ಆಮೇಲೆ ದಂತವೈದ್ಯರು, ಆಮೇಲೆ ಬಂದವರು ಬಂದ ಹಾಗೆ. ಒಂದೇ ಒಂದು ಷರತ್ತು: ನಕಲು ಇಟ್ಟುಕೊಳ್ಳಬಾರದೆಂಬ ನಿನ್ನ ನಿಯಮವನ್ನು ಕಿತ್ತುಹಾಕು. ಹೇಗಿದ್ದರೂ ಯಾರೂ ಪಾಲಿಸುವುದಿಲ್ಲ.

ಮೂಲೆಯ ವಿಷಯ. ನನಗೂ ಗೊತ್ತಿರಲಿಲ್ಲ. ಕಡ್ಡಿ ಹಿಡಿದು ಕೂತೆ. ಎರಡು ಸಲ ಅಂಚು ಮಡಚಿಕೊಂಡು ಸಮೋಸದ ಹಾಗೆ ನಿಂತಿತು. ಆಗ ಅಮ್ಮ ಕೂರುತ್ತಿದ್ದ ಹಾಗೆ ಕೂತು ನೋಡಿದೆ, ಎಡ ಮೊಣಕಾಲು ಮೇಲೆ, ಹೊದಿಕೆಯ ಭಾರವೆಲ್ಲ ಮಡಿಲಲ್ಲಿ. ತಿರುಗಿದ ಮೇಲೆ ಮೊದಲ ಕುಣಿಕೆಯನ್ನು ಹೆಣೆಯದೆ ಹಾಗೇ ಜಾರಿಸುತ್ತಿದ್ದಳು, ದಾರ ಸಡಿಲ ಬಿಟ್ಟು. ತಲೆ ಮರೆತದ್ದು ಬೆರಳಿಗೆ ನೆನಪಿತ್ತು. ಮೂಲೆ ಸಪಾಟಾಗಿ ಮಲಗಿತು.

ನಿನ್ನೆ ಕಟ್ಟೆಗೆ ಹೋದೆ, ನನ್ನ ಸೊಸೆ ಕಟ್ಟಿದ ಕಟ್ಟೆಗೆ ನಾನೇ ಅರ್ಜಿ ಹಾಕಿಕೊಂಡು. ಕಸುಬು ಏನೆಂದು ಕೇಳಿತು, "ಮಾಜಿ ಅಂಗಡಿ" ಎಂದು ಬರೆದೆ. ದಂತವೈದ್ಯರು ಟಿಕೆಟಿನವರಿಗೆ ಯಾರದೋ ಹಳೆಯ ಫೋನ್ ಕೊಡಿಸಿದ್ದಾರಂತೆ, ಆಕೆಯೂ ಹೊಸದಾಗಿ ಸೇರಿದ್ದಾರೆ. ಅವರ ಹೆಸರಿನ ಕೆಳಗೆ ಬರೆದೆ: ತಿರುಗಿದ ಮೇಲೆ ಮೊದಲ ಕುಣಿಕೆಯನ್ನು ಜಾರಿಸಿ, ದಾರ ಎಳೆಯಬೇಡಿ, ಅಂಚು ತಾನಾಗಿ ಕೂರುತ್ತದೆ. ತಡವಾಯಿತೆಂದು ಸಂಕೋಚ ಬೇಡ, ನಿಮಗೆ ಬೇಕಾದಷ್ಟು ಸಮಯ ತೆಗೆದುಕೊಳ್ಳಿ.

ಇವತ್ತು ಬೆಳಿಗ್ಗೆ ಅವರ ಉತ್ತರವಿತ್ತು. "ತಿರುಗ್ತು! ತಿರುಗ್ತು! ಇದು ಪುಟದಲ್ಲಿ ಎಲ್ಲೂ ಇಲ್ಲವಲ್ಲ, ನಿಮಗೆ ಹೇಗೆ ಗೊತ್ತಾಯ್ತು?"

ಅದಕ್ಕೆ ಇನ್ನೂ ಉತ್ತರ ಬರೆದಿಲ್ಲ. ನಾಳೆ ನೀನು ಕಾಫಿ ಲೋಟ ಹಿಡಿದು ಬಂದು ಕೂರುವ ಹೊತ್ತಿಗೆ ನಾನೂ ಅಲ್ಲಿರುತ್ತೇನೆ. ಏನು ಬರೆಯಬೇಕೆಂದು ಆಗ ನೋಡೋಣ.

ನಿನ್ನ
ಉಂಡೆ